ಬೀಗ ಮುರಿದ ಮನೆಯ ಸಂಸಾರ

ಚೀನಾದಿಂದ ಹಡಗು ಹತ್ತಿ ದೇಶದೇಶಗಳನ್ನು ಸುತ್ತಿದ ಪ್ಲೇಗು 1904ರಲ್ಲಿ ಜೋಹಾನ್ಸ್‌ಬರ್ಗಿನಲ್ಲಿಯೂ ತಲೆಯೆತ್ತಿತು. ಚಿನ್ನದ ಗಣಿಯಲ್ಲಿ ದುಡಿಯುತ್ತಿದ್ದ 23 ಮಂದಿ ಭಾರತೀಯರು ರೋಗಕ್ಕೆ ತುತ್ತಾದರು. ಮದನಜಿತ್ ಎಂಬುವರು ಖಾಲಿ ಮನೆಯೊಂದರ ಬೀಗ ಮುರಿದು ಅವರನ್ನು ಮಲಗಿಸಿದರು. ಗಾಂಧೀಜಿ ಧಾವಿಸಿ ಬಂದರು. ಕಸ್ತೂರಬಾ ಆಗ ಭಾರತದಲ್ಲಿದ್ದರು.

ದೊಡ್ಡ ಸಂಸಾರಿಯಾದ ಮಿತ್ರ ರಿಚ್ ಶುಶ್ರೂಷೆಗೆ ಮುಂದಾದಾಗ ಗಾಂಧೀಜಿ ತಡೆದರು. ತಾವು ಮಕ್ಕಳಂತೆ ಕಾಣುತ್ತಿದ್ದ, ಕಚೇರಿಯ ನಾಲ್ವರು ತರುಣರನ್ನು ಕೇಳಿದರು; ಅವರು ಹಿಂದೆಮುಂದೆ ನೋಡದೆ ಒಪ್ಪಿದರು. ರೋಗಿಗಳಲ್ಲಿ ಬದುಕಿದವರು ಇಬ್ಬರೇ. ನೆರವಿಗೆ ಬಂದ ದಾದಿಯೂ ತೀರಿಕೊಂಡಳು. ತರುಣರು ಉಳಿದರು.

ಆತ್ಮಕಥೆಯ ಈ ಪುಟಗಳನ್ನು ಓದುವಾಗಲೆಲ್ಲ ನನ್ನೊಳಗಿನ ತಂದೆ ನಡುಗುತ್ತಾನೆ. ಅನ್ಯರ ಮಕ್ಕಳಿಗೆ ತಂದೆಯನ್ನು ಉಳಿಸಿಕೊಟ್ಟವರು, ಮಕ್ಕಳೆಂದು ಬಗೆದವರನ್ನೇ ಸಾವಿನ ಹೊಸ್ತಿಲಿಗೆ ಕರೆದೊಯ್ದರು. ಆ ತರುಣರಿಗೂ ಹೆತ್ತವರಿರಲಿಲ್ಲವೇ? ಪರದೇಶದಲ್ಲಿ ಕೂಡಿಬಂದ ಆ ಸಂಸಾರಕ್ಕೆ ನಾನು ಕೈಮುಗಿಯುತ್ತೇನೆ. ಪ್ರಶ್ನೆ ಮಾತ್ರ ನನ್ನನ್ನು ಬಿಟ್ಟಿಲ್ಲ.