ಕಿತ್ತೂರಿನಲ್ಲಿ ಸೆರೆಸಿಕ್ಕವನೂ ಕಡಲ ಸಿಂಬಳದ ಹುಳುವೂ

1824ರ ಕಿತ್ತೂರು ಕಾಳಗದಲ್ಲಿ ಥ್ಯಾಕರೆ ಸತ್ತದ್ದು ನಮಗೆಲ್ಲ ಗೊತ್ತು. ಅಂದು ರಾಣಿ ಚೆನ್ನಮ್ಮನ ಕಡೆಯವರಿಗೆ ಸೆರೆಸಿಕ್ಕ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ ವಾಲ್ಟರ್ ಎಲಿಯಟ್. ಬಿಡುಗಡೆಯಾದ ಮೇಲೆ ಈತ ಕನ್ನಡ ಶಾಸನಗಳ ಪ್ರತಿಗಳನ್ನು ಕೂಡಿಸಿದ. ಇದೇ ಎಲಿಯಟ್ ಹುಳುಗಳ ಚರಿತ್ರೆಯಲ್ಲೂ ಇದ್ದಾನೆ.

ಮಳೆಗಾಲದಲ್ಲಿ ಬಚ್ಚಲ ಗೋಡೆಗೆ ಅಂಟಿಕೊಳ್ಳುವ ಸಿಂಬಳದ ಹುಳುವನ್ನು ನೀವು ನೋಡಿರುತ್ತೀರಿ. ಅದು ಹೊರಗೆ ಚಿಪ್ಪು ಕಾಣದ ಬಸವನಹುಳು. ಕಡಲಲ್ಲೂ ಇಂಥವು ಸಾವಿರಾರು ಜಾತಿ ಇವೆ, ಹಲವಕ್ಕೆ ಕಣ್ಣು ಕುಕ್ಕುವ ಬಣ್ಣ. ಕಿವಿರು ಬೆನ್ನ ಮೇಲೆ ಬಯಲಾಗಿಯೇ ಇರುವ ಗುಂಪಿಗೆ 1817ರಲ್ಲಿ ಫ್ರಾನ್ಸಿನ ಕುವಿಯೆ 'ನ್ಯೂಡಿಬ್ರಾಂಕಿಯಾ' ಎಂದು ಹೆಸರಿಟ್ಟ. ಬೆತ್ತಲೆ ಕಿವಿರಿನವು ಎಂದರ್ಥ. 1848ರಲ್ಲಿ ಮಿಲ್ನ್ ಎಡ್ವರ್ಡ್ಸ್, ಕಿವಿರು ಹೃದಯದ ಹಿಂದಿರುವ ಹುಳುಗಳನ್ನೆಲ್ಲ 'ಒಪಿಸ್ತೋಬ್ರಾಂಕಿಯಾ' ಎಂಬ ಒಂದೇ ಮನೆಗೆ ಸೇರಿಸಿದ.

ಎಲಿಯಟ್ ಮುಂದೆ ಪೂರ್ವ ಕರಾವಳಿಯಲ್ಲಿ, ವಿಶಾಖಪಟ್ಟಣದ ವಾಲ್ಟೇರ್‌ನಲ್ಲಿ, ಅಧಿಕಾರಿಯಾಗಿದ್ದ. ಅಲ್ಲಿನ ಹುಳುಗಳ ಸಂಗ್ರಹ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಆಲ್ಡರ್ ಮತ್ತು ಹ್ಯಾನ್‌ಕಾಕ್ ಕೈಸೇರಿತು. ಜೊತೆಗೆ ಚಿತ್ರಗಳೂ ಹೋದವು. ಚಿತ್ರ ಯಾಕೆ ಬೇಕು? ಈ ಹುಳುಗಳಿಗೆ ಮೂಳೆಯಿಲ್ಲ. ಸ್ಪಿರಿಟ್‌ಗೆ ಹಾಕಿದರೆ ಬಣ್ಣ ಹೋಗುತ್ತದೆ, ಮೈ ಮುದುಡುತ್ತದೆ. ಜೀವ ಇದ್ದಾಗಲೇ ಬರೆದಿಡಬೇಕು. 1864ರಲ್ಲಿ ಅವರಿಬ್ಬರೂ ಈ ಸಂಗ್ರಹದ ವಿವರ ಪ್ರಕಟಿಸಿದರು. ಅದರಲ್ಲೊಂದು ಹೊಸ ಹುಳುವಿನ ಹೆಸರು 'ಕಳಿಂಗ ಆರ್ನಾಟಾ'. ಹೌದು, ನಮ್ಮ ಇತಿಹಾಸದ ಪಾಠದಲ್ಲಿ ಬರುವ ಕಳಿಂಗವೇ.

ಆದರೆ ಮೈ ನೋಡಿ ನೆಂಟಸ್ತಿಕೆ ಹೇಳುವುದರಲ್ಲಿ ಒಂದು ತೊಡಕಿತ್ತು. ಚಿಪ್ಪು ಕಳೆದುಕೊಂಡದ್ದು ಒಂದೇ ವಂಶವಲ್ಲ. ಬೇರೆ ಬೇರೆ ವಂಶಗಳು, ಬೇರೆ ಬೇರೆ ಕಾಲದಲ್ಲಿ, ತಮ್ಮ ಪಾಡಿಗೆ ತಾವು ಕಳೆದುಕೊಂಡವು. ಒಂದೇ ಬಣ್ಣದ ಅಂಗಿ ತೊಟ್ಟವರೆಲ್ಲ ಅಣ್ಣತಮ್ಮಂದಿರಲ್ಲವಲ್ಲ!

ಡಿಎನ್‌ಎ ಪರೀಕ್ಷೆ ಬಂದ ಮೇಲೆ ಈ ಗುಟ್ಟು ಹೊರಬಿತ್ತು. 2010ರಲ್ಲಿ ಕಥರೀನಾ ಯೋರ್ಗರ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನದಲ್ಲಿ ಮಿಲ್ನ್ ಎಡ್ವರ್ಡ್ಸ್ ಕಟ್ಟಿದ ಮನೆ ನಿಲ್ಲಲಿಲ್ಲ. ಪಾಚಿಯ ರಸ ಹೀರುವ 'ಸ್ಯಾಕೊಗ್ಲಾಸಾ' ಎಂಬ ಕಡಲ ಹುಳುಗಳು ಬೆತ್ತಲೆ ಕಿವಿರಿನವಕ್ಕಿಂತ ನಮ್ಮ ತೋಟದ ಬಸವನಹುಳುವಿಗೇ ಹತ್ತಿರದ ನೆಂಟರು ಎಂದು ತಿಳಿಯಿತು. ಒಂದು ಕಡಲಲ್ಲಿ, ಇನ್ನೊಂದು ಅಡಿಕೆ ಮರದ ಬುಡದಲ್ಲಿ. ಆದರೂ ಒಂದೇ ಮನೆತನ.

162 ವರ್ಷ ನಿಂತಿದ್ದ ಗುಂಪು ಒಡೆಯಿತು. 'ಕಳಿಂಗ' ಎಂಬ ಹೆಸರು ಮಾತ್ರ ಇಂದಿಗೂ ಬಳಕೆಯಲ್ಲಿದೆ. ಗುಂಪು ಕಟ್ಟುವುದು ಊಹೆಯ ಕೆಲಸ, ಹೊಸ ಸಾಕ್ಷಿ ಬಂದರೆ ಬದಲಾಗುತ್ತದೆ. ಕಂಡದ್ದನ್ನು ಕಂಡಂತೆ ಬರೆದಿಟ್ಟದ್ದು ಉಳಿಯುತ್ತದೆ. ಶಾಸನಕ್ಕೂ ಅದೇ ಮಾತು, ಹುಳುವಿಗೂ ಅದೇ ಮಾತು. ಸುದ್ದಿ ಬರೆಯುವ ನಮಗೂ ಅದೇ.