ಬೆಂಗಳೂರು ಟೆಸ್ಟ್, 1987

ಭಾರತ ಮತ್ತು ಪಾಕಿಸ್ತಾನ ತಂಡಗಳ ನಡುವೆ 1987ರ ಮಾರ್ಚ್‌ನಲ್ಲಿ ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಕ್ರಿಕೆಟ್ ಪಂದ್ಯ. ಐದು ಟೆಸ್ಟ್‌ಗಳ ಸರಣಿಯ ಕೊನೆಯದು. ಪಾಕಿಸ್ತಾನ 16 ರನ್‌ಗಳಿಂದ ಗೆದ್ದು, ಭಾರತದ ನೆಲದಲ್ಲಿ ಮೊದಲ ಬಾರಿಗೆ ಸರಣಿ ಜಯಿಸಿತು. ಸುನಿಲ್ ಗವಾಸ್ಕರ್ ಆಡಿದ ಕೊನೆಯ ಟೆಸ್ಟ್ ಇದು. ಸ್ಪಿನ್ನರುಗಳಿಗೆ ವಿಪರೀತ ನೆರವಾದ ಪಿಚ್ ಮೇಲೆ ಬ್ಯಾಟಿಂಗ್ ಹೇಗೆ ಕುಸಿಯುತ್ತದೆ, ಹೇಗೆ ನಿಲ್ಲುತ್ತದೆ ಎಂಬುದಕ್ಕೆ ಈ ಪಂದ್ಯವನ್ನು ಇಂದಿಗೂ ಉದಾಹರಿಸಲಾಗುತ್ತದೆ.

ಹಿನ್ನೆಲೆ

ಮದ್ರಾಸ್, ಕಲ್ಕತ್ತ, ಜೈಪುರ, ಅಹಮದಾಬಾದ್‌ಗಳಲ್ಲಿ ನಡೆದ ಮೊದಲ ನಾಲ್ಕೂ ಟೆಸ್ಟ್‌ಗಳು ಡ್ರಾ ಆಗಿದ್ದವು. ಅಹಮದಾಬಾದಿನಲ್ಲಿ ಗವಾಸ್ಕರ್ ಟೆಸ್ಟ್‌ನಲ್ಲಿ 10,000 ರನ್ ಪೂರೈಸಿದ ಮೊದಲ ಆಟಗಾರರಾದರು. ಭಾರತಕ್ಕೆ ಕಪಿಲ್ ದೇವ್, ಪಾಕಿಸ್ತಾನಕ್ಕೆ ಇಮ್ರಾನ್ ಖಾನ್ ನಾಯಕರು. ಬೆಂಗಳೂರಿನ ಪಂದ್ಯಕ್ಕೆ ಪಾಕಿಸ್ತಾನ ಲೆಗ್ ಸ್ಪಿನ್ನರ್ ಅಬ್ದುಲ್ ಖಾದಿರ್ ಅವರನ್ನು ಕೈಬಿಟ್ಟು ಎಡಗೈ ಸ್ಪಿನ್ನರ್ ಇಕ್ಬಾಲ್ ಖಾಸಿಂ ಅವರನ್ನು ಆಡಿಸಿತು. ಸರಣಿಯ ಭವಿಷ್ಯ ಬಹುಮಟ್ಟಿಗೆ ಈ ಆಯ್ಕೆಯಲ್ಲೇ ಇತ್ತು.

ಪಿಚ್ ಮತ್ತು ಅದರ ವರ್ತನೆ

ಒಣಗಿದ ಪಿಚ್‌ನಲ್ಲಿ ಮೇಲ್ಪದರ ಪುಡಿಯಾಗತೊಡಗಿದಾಗ ಚೆಂಡು ನೆಲವನ್ನು ಹಿಡಿದು ತಿರುಗುತ್ತದೆ. ಆದರೆ ಬ್ಯಾಟ್ಸ್‌ಮನ್‌ಗೆ ನಿಜವಾದ ಕಷ್ಟ ಕೊಡುವುದು ತಿರುವಿನ ಪ್ರಮಾಣವಲ್ಲ, ಅದರ ಅನಿಶ್ಚಿತತೆ. ಒಂದೇ ಜಾಗಕ್ಕೆ ಬಿದ್ದ ಎರಡು ಎಸೆತಗಳಲ್ಲಿ ಒಂದು ಗೇಣುದ್ದ ಹೊರಳಬಹುದು, ಇನ್ನೊಂದು ಹೊರಳದೆ ನೇರ ಪ್ಯಾಡಿಗೆ ಬಡಿಯಬಹುದು; ಒಂದು ಎದೆಯತ್ತ ಎಗರಿದರೆ ಇನ್ನೊಂದು ಮೊಣಕಾಲಿಗಿಂತ ಕೆಳಗೇ ಉಳಿಯಬಹುದು. ಹೀಗಾಗಿ ಇಂಥ ಪಿಚ್‌ನಲ್ಲಿ ಚೆಂಡನ್ನು ಬಹಳ ತಿರುಗಿಸುವವನಿಗಿಂತ, ಒಂದೇ ಅಳತೆಗೆ ಎಡೆಬಿಡದೆ ಹಾಕಿ ಉಳಿದದ್ದನ್ನು ನೆಲಕ್ಕೆ ಬಿಡುವವನೇ ಹೆಚ್ಚು ಅಪಾಯಕಾರಿ. ಬಿಷನ್ ಸಿಂಗ್ ಬೇಡಿ ಪಾಕಿಸ್ತಾನದ ಸ್ಪಿನ್ನರುಗಳಿಗೆ ಇಂಥದೇ ಸಲಹೆ ಕೊಟ್ಟರೆಂಬ ಕಥೆ ಪ್ರಚಲಿತದಲ್ಲಿದೆ. ಅದರ ವಿವರಗಳು ಹೇಳುವವರಿಂದ ಹೇಳುವವರಿಗೆ ಬದಲಾಗುವುದರಿಂದ ಅದಕ್ಕೆ ಹೆಚ್ಚು ತೂಕ ಕೊಡುವಂತಿಲ್ಲ. ಬೌಲಿಂಗ್ ಅಂಕಿಗಳು ಮಾತ್ರ ಸ್ಪಷ್ಟವಾಗಿವೆ. ಆಫ್ ಸ್ಪಿನ್ನರ್ ತೌಸೀಫ್ ಅಹ್ಮದ್ ಮತ್ತು ಖಾಸಿಂ ತಲಾ ಒಂಬತ್ತು ವಿಕೆಟ್ ಪಡೆದರು. ಭಾರತ ಕಳೆದುಕೊಂಡ 20 ವಿಕೆಟ್‌ಗಳಲ್ಲಿ ಇವರಿಗೆ ಸಿಗದೆ ಉಳಿದ ಎರಡು ವಾಸಿಂ ಅಕ್ರಮ್ ಪಾಲಾದವು. ಬಲಗೈ ಬ್ಯಾಟ್ಸ್‌ಮನ್‌ಗೆ ಒಂದು ತುದಿಯಿಂದ ಚೆಂಡು ಹೊರಕ್ಕೆ, ಇನ್ನೊಂದು ತುದಿಯಿಂದ ಒಳಕ್ಕೆ ತಿರುಗುತ್ತಿತ್ತು. ಈ ಜೋಡಿಯ ಬಲ ಅಲ್ಲಿತ್ತು.

ನಾಲ್ಕು ಇನಿಂಗ್ಸ್‌ಗಳಲ್ಲಿ 40 ವಿಕೆಟ್‌ಗೆ ಬಂದದ್ದು 714 ರನ್. ವಿಕೆಟ್ಟಿಗೆ ಸರಾಸರಿ 18 ಕೂಡ ಇಲ್ಲ.

ಆಟ

ಮೊದಲು ಬ್ಯಾಟ್ ಮಾಡಿದ ಪಾಕಿಸ್ತಾನ 116ಕ್ಕೆ ಆಲೌಟಾಯಿತು. ಎಡಗೈ ಸ್ಪಿನ್ನರ್ ಮಣಿಂದರ್ ಸಿಂಗ್ 27 ರನ್ನಿಗೆ 7 ವಿಕೆಟ್ ಕಿತ್ತರು. ಭಾರತ ನಾಲ್ಕು ವಿಕೆಟ್ಟಿಗೆ 126 ತಲುಪಿ, ದಿಲೀಪ್ ವೆಂಗ್‌ಸರ್ಕಾರ್ ಅವರ 50 ರನ್ನುಗಳ ನೆರವಿನಿಂದ ದೊಡ್ಡ ಮುನ್ನಡೆಯ ಹಾದಿಯಲ್ಲಿತ್ತು. ಅಲ್ಲಿಂದ 19 ರನ್ ಸೇರುವಷ್ಟರಲ್ಲಿ ಆರು ವಿಕೆಟ್‌ಗಳು ಉರುಳಿ ಇನಿಂಗ್ಸ್ 145ಕ್ಕೆ ಮುಗಿಯಿತು. ಮುನ್ನಡೆ ಬರೀ 29.

ಈ ಟೆಸ್ಟ್ ಬಗ್ಗೆ ಬರೆದವರು ಸಾಮಾನ್ಯವಾಗಿ ಕೊನೆಯ ಇನಿಂಗ್ಸ್ ಮೇಲೆಯೇ ಕಣ್ಣಿಡುತ್ತಾರೆ. ಆದರೆ ಪಂದ್ಯ ಕೈತಪ್ಪಿದ್ದು ಈ 19 ರನ್‌ಗಳ ಅವಧಿಯಲ್ಲೇ ಎಂದು ವಾದಿಸಲು ಬಲವಾದ ಕಾರಣವಿದೆ. ಆಗ ಪಿಚ್ ಇನ್ನೂ ಪೂರ್ತಿ ಹದಗೆಟ್ಟಿರಲಿಲ್ಲ. ಕೆಳಗಿನ ಕ್ರಮಾಂಕದವರು ಇನ್ನೊಂದಿಪ್ಪತ್ತು ರನ್ ಕೂಡಿಸಿದ್ದರೂ ಕೊನೆಯ ಸೋಲಿನ ಅಂತರ ಅಳಿಸಿಹೋಗುತ್ತಿತ್ತು. ಮುಂದಿನ ಆಟ ಹಾಗೆಯೇ ಸಾಗುತ್ತಿತ್ತೆಂದು ಯಾರೂ ಹೇಳಲಾರರು, ನಿಜ. ಅದೇ ಕೆಲಸವನ್ನು ಪಾಕಿಸ್ತಾನದ ಬಾಲಂಗೋಚಿಗಳು ಮಾಡಿ ತೋರಿಸಿದರೆಂಬುದೂ ಅಷ್ಟೇ ನಿಜ. ಎರಡನೆಯ ಇನಿಂಗ್ಸ್‌ನಲ್ಲಿ 198ಕ್ಕೆ ಎಂಟನೆಯ ವಿಕೆಟ್ ಬಿದ್ದ ಮೇಲೆ ಸಲೀಂ ಯೂಸುಫ್ ಮತ್ತು ತೌಸೀಫ್ 51 ರನ್ ಸೇರಿಸಿದರು. ಯೂಸುಫ್ 41 ಗಳಿಸಿ ಅಜೇಯರಾಗುಳಿದರು, ರಮೀಜ್ ರಾಜಾ 47 ಹೊಡೆದಿದ್ದರು. ಒಟ್ಟು ಮೊತ್ತ 249; ಭಾರತಕ್ಕೆ ಗುರಿ 221.

ಗವಾಸ್ಕರ್ ಅವರ 96

ಅಕ್ರಮ್ ಆರಂಭದಲ್ಲೇ ಕೃಷ್ಣಮಾಚಾರಿ ಶ್ರೀಕಾಂತ್ ಮತ್ತು ಮೊಹಿಂದರ್ ಅಮರನಾಥ್ ಅವರನ್ನು 15ರ ಮೊತ್ತದಲ್ಲೇ ಹಿಂದಕ್ಕೆ ಕಳಿಸಿದರು. ಅಲ್ಲಿಂದ ಮುಂದೆ ಒಂದು ತುದಿ ಗವಾಸ್ಕರ್ ಅವರದಾಯಿತು. 37 ವರ್ಷದ ಅವರು ಐದು ಗಂಟೆಗೂ ಹೆಚ್ಚು ಕಾಲ ನಿಂತರು. ಚೆಂಡಿನ ತಿರುವು ಮುಗಿಯುವವರೆಗೆ ಕಾದು ತೀರ ತಡವಾಗಿ ಆಡುವುದು, ಕೆಳಗಿನ ಕೈಯ ಹಿಡಿತ ಸಡಿಲ ಬಿಟ್ಟು ಚೆಂಡು ಕಾಲ ಬುಡದಲ್ಲೇ ಸಾಯುವಂತೆ ಮಾಡುವುದು, ತಿರುಗಿ ಹೊರಟ ಚೆಂಡಿನ ಹಿಂದೆ ಬ್ಯಾಟ್ ಕೊಂಡೊಯ್ಯದಿರುವುದು: ಈ ಮೂರು ಸಂಯಮಗಳಿಂದ ಸುತ್ತ ಬಗ್ಗಿ ನಿಂತಿದ್ದ ಫೀಲ್ಡರುಗಳನ್ನು ಅವರು ನಿರರ್ಥಕಗೊಳಿಸಿದರು. ಸ್ಪಿನ್ ಎದುರಿಸುವುದನ್ನು ಕಲಿಯುವವರು ಅವರ 34 ಶತಕಗಳಿಗಿಂತ ಮೊದಲು ಈ ಇನಿಂಗ್ಸನ್ನು ನೋಡಬೇಕು.

ಜೊತೆಗಾರರು ನಿಲ್ಲಲಿಲ್ಲ. ಮೊಹಮ್ಮದ್ ಅಜರುದ್ದೀನ್ ಅವರ 26 ಎರಡನೆಯ ಅತ್ಯಧಿಕ ಗಳಿಕೆ. ಇತರೆ ರನ್‌ಗಳು ಅದಕ್ಕಿಂತ ಹೆಚ್ಚಿದ್ದವು. 180ರ ಮೊತ್ತದಲ್ಲಿ ಖಾಸಿಂ ಎಸೆತ ಎಗರಿ, ಗವಾಸ್ಕರ್ ಸ್ಲಿಪ್‌ನಲ್ಲಿದ್ದ ರಿಜ್ವಾನ್ ಉಜ್ ಜಮಾನ್ ಕೈಗೆ ಸಿಕ್ಕಿ ಎಂಟನೆಯವರಾಗಿ ಔಟಾದರು. ಬೆಂಗಳೂರಿನವರೇ ಆದ ರೋಜರ್ ಬಿನ್ನಿ ಮತ್ತು ಮಣಿಂದರ್ ಕೊನೆಯ ವಿಕೆಟ್ಟಿಗೆ 19 ರನ್ ಕೂಡಿಸಿದರು. ಮೊದಲ ಇನಿಂಗ್ಸ್‌ನಲ್ಲಿ ಆರು ವಿಕೆಟ್‌ಗಳು ಸೇರಿ ತಂದದ್ದೂ ಅಷ್ಟೇ. ಬಿನ್ನಿ ವಿಕೆಟ್ ಕೀಪರ್‌ಗೆ ಕ್ಯಾಚಿತ್ತಾಗ ಮೊತ್ತ 204. ಸೋತ ತಂಡದ ಗವಾಸ್ಕರ್ ಪಂದ್ಯಶ್ರೇಷ್ಠರಾದರು. ಅವರ ಟೆಸ್ಟ್ ಜೀವನ 125 ಪಂದ್ಯ, 10,122 ರನ್‌ಗಳಿಗೆ ನಿಂತಿತು.

ಇದೇ ಅಂಗಣದ ಇತರ ಕುಸಿತಗಳು

2017ರ ಮಾರ್ಚ್‌ನಲ್ಲಿ 188ರ ಗುರಿ ಬೆನ್ನಟ್ಟಿದ ಆಸ್ಟ್ರೇಲಿಯ ಇಲ್ಲಿ 112ಕ್ಕೆ ಆಲೌಟಾಯಿತು, ಆರ್. ಅಶ್ವಿನ್ 41 ರನ್ನಿಗೆ 6 ವಿಕೆಟ್ ಪಡೆದರು. ಸ್ವಭಾವದಲ್ಲಿ 1987ಕ್ಕೆ ಹತ್ತಿರವಾದದ್ದು ಇದು. 2024ರ ಅಕ್ಟೋಬರ್‌ನಲ್ಲಿ ನ್ಯೂಜಿಲೆಂಡ್ ಎದುರು ಭಾರತ 46ಕ್ಕೆ ಕುಸಿದದ್ದು ತವರಿನಲ್ಲಿ ಅದರ ಕನಿಷ್ಠ ಮೊತ್ತ. ಆದರೆ ಅದು ಮಳೆಯ ತೇವ, ಮೋಡ ಮತ್ತು ವೇಗದ ಬೌಲರುಗಳಿಂದ ಆದ ಕುಸಿತ. ಅದನ್ನು ಈ ಪಂದ್ಯದ ಸಾಲಿಗೆ ಸೇರಿಸಲಾಗದು.