ಲಾವಣಿ ಮತ್ತು ಶಾಹಿರಿ (ಮುಂಬಯಿ)

ಲಾವಣಿ ಮರಾಠಿ ಜನಪದ ರಂಗಪ್ರಕಾರವಾದ ತಮಾಷಾದ ಜೀವಾಳ. ಪೋವಾಡ (ವೀರಗಾಥೆ) ಮತ್ತು ಚಳವಳಿಯ ಪದಗಳನ್ನು ಕಟ್ಟಿ ಹಾಡುವ ಕಲೆಗೆ ಶಾಹಿರಿ ಎಂದು ಹೆಸರು. ಹಳ್ಳಿಯಲ್ಲಿ ಹುಟ್ಟಿದ ಈ ಎರಡಕ್ಕೂ 20ನೆಯ ಶತಮಾನದಲ್ಲಿ ದೊಡ್ಡ ಆಸರೆಯಾದವರು ಮುಂಬಯಿಯ ಗಿರಣಿ ಕಾರ್ಮಿಕರು. ಹರದೇಶಿ-ನಾಗೇಶಿ ವಾದ ಕೇಳಿ ಬೆಳೆದ ಉತ್ತರ ಕರ್ನಾಟಕದವರಿಗೆ ಮರಾಠಿಯ ಕಲಗಿ-ತುರಾ ಸವಾಲು-ಜವಾಬು ಪರಕೀಯವೆನಿಸದು. ಪೇಶವೆಗಳ ಕಾಲದ ಹೆಸರಾಂತ ಲಾವಣಿಕಾರ ರಾಮ ಜೋಶಿ ಗಡಿಯ ಸೊಲ್ಲಾಪುರದವನು.

ಗಿರಣಗಾವ್ (ಗಿರಣಿಗಳ ಊರು): 1850ರ ದಶಕದಲ್ಲಿ ತಾರದೇವದಲ್ಲಿ ಮೊದಲ ಹತ್ತಿಗಿರಣಿ ತಲೆಯೆತ್ತಿತು. ಮುಂದೆ ಲಾಲ್‌ಬಾಗ್, ಪರಳ, ವರಳಿಯ ಚಾಳುಗಳು ಕೊಂಕಣ, ಸಾತಾರಾ, ಕೊಲ್ಲಾಪುರಗಳ ದುಡಿಯುವ ಜನರಿಂದ ತುಂಬಿದವು. ಅವರ ಬೆನ್ನಿಗೇ ತಮಾಷಾ ಮೇಳಗಳೂ ಬಂದವು. ಪಠ್ಠೆ ಬಾಪೂರಾವ್ (1866-1945) ಬ್ರಾಹ್ಮಣ ಮನೆತನ ತೊರೆದು, ಮಹಾರ್ ಸಮುದಾಯದ ಕಲಾವಿದೆ ಪವಳಾಳೊಡನೆ ಫಡ (ತಮಾಷಾ ಮೇಳ) ಕಟ್ಟಿ ಮುಂಬಯಿಯ ಮೇಲೆಯೇ ಲಾವಣಿ ರಚಿಸಿದರು.

ಲಾಲ್‌ಬಾಗ್‌ನ ಹನುಮಾನ್ ಥಿಯೇಟರ್ ತಮಾಷಾಕ್ಕೆ ಹೆಸರಾದ ರಂಗಮಂದಿರ. ಆಟ ಗಣಪತಿಯ ಸ್ತುತಿಯಾದ 'ಗಣ'ದಿಂದ ಆರಂಭವಾಗಿ, ಕೃಷ್ಣ-ಗೋಪಿಯರ 'ಗೌಳಣ'ಕ್ಕೆ ಹೊರಳಿ, ಲಾವಣಿಯಲ್ಲಿ ರಂಗೇರಿ, 'ವಗ' ಎಂಬ ಕಥಾಭಾಗಕ್ಕೆ ಸಾಗುತ್ತದೆ. ಮುಮ್ಮೇಳದವರು ಸಾಲು ಮುಗಿಸುವಷ್ಟರಲ್ಲಿ ಹಿಂದೆ ತುಂತುಣಿ ಹಿಡಿದು ನಿಂತ ಝೀಲಕರಿ ಕೊನೆಯ ಸ್ವರವನ್ನು ತಾರಕದಲ್ಲಿ ಎತ್ತಿ ಹಿಡಿಯುತ್ತಾನೆ. ಢೋಲಕಿಯ ಪೆಟ್ಟಿಗೆ ಗೆಜ್ಜೆ ಉತ್ತರ ಕೊಡುತ್ತದೆ. ಮೆಚ್ಚಿದ ಪ್ರೇಕ್ಷಕರು ಕೊಡುವ ಹಣವೇ 'ದೌಲತ್‌ಜಾದಾ'. ಕಲಾವಿದೆಯರಿಗೆ ಅದು ಹೊಟ್ಟೆಪಾಡು. ಬಹುತೇಕ ದಲಿತ ಹಾಗೂ ಅಲೆಮಾರಿ ಸಮುದಾಯಗಳಿಂದ ಬಂದ ಅವರು ಅದರೊಂದಿಗೆ ಅವಮಾನವನ್ನೂ ನುಂಗಬೇಕಾಗಿತ್ತು. ಸ್ವಾತಂತ್ರ್ಯದ ಹೊಸತರಲ್ಲಿ ಮುಂಬಯಿ ಸರ್ಕಾರ ಅಶ್ಲೀಲವೆಂದು ತಮಾಷಾಕ್ಕೆ ನಿರ್ಬಂಧ ಹೇರಿದಾಗ ಮೊದಲ ಪೆಟ್ಟು ಬಿದ್ದದ್ದೂ ಇವರಿಗೇ.

ಶಾಹಿರರು: 1944ರಲ್ಲಿ ಅಣ್ಣಾಭಾವು ಸಾಠೆ, ಅಮರ್ ಶೇಖ್ ಮತ್ತು ದ.ನಾ. ಗವ್ಹಾಣಕರ್ 'ಲಾಲ್ ಬಾವಟಾ ಕಲಾಪಥಕ' ಕಟ್ಟಿ, ತಮಾಷಾದ ಹಂದರದಲ್ಲೇ ಕಾರ್ಮಿಕರ ಬವಣೆಯನ್ನು ಹಾಡಿದರು. 1960ರ ಮೇ 1ರಂದು ಮಹಾರಾಷ್ಟ್ರ ರಾಜ್ಯವನ್ನು ತಂದ ಸಂಯುಕ್ತ ಮಹಾರಾಷ್ಟ್ರ ಚಳವಳಿಗೆ ಇವರ ಡಫ ಎಂಬ ಚರ್ಮವಾದ್ಯ ದನಿಯಾಯಿತು. ಶಾಹಿರ್ ಸಾಬಳೆ (1923-2015) 'ಮಹಾರಾಷ್ಟ್ರಾಚಿ ಲೋಕಧಾರಾ' ಕಾರ್ಯಕ್ರಮದ ಮೂಲಕ ಜನಪದ ಪ್ರಕಾರಗಳನ್ನು ಒಂದೇ ವೇದಿಕೆಗೆ ತಂದರು.

ಸಿನಿಮಾ: ಪರಳದ ರಾಜಕಮಲ್ ಕಲಾಮಂದಿರ ಸ್ಟುಡಿಯೋದಿಂದ 'ಲೋಕಶಾಹಿರ್ ರಾಮ ಜೋಶಿ' (1947) ಮತ್ತು 'ಪಿಂಜರಾ' (1972) ಹೊರಬಂದವು. ಮುಂಬಯಿಯಲ್ಲೇ ಹುಟ್ಟಿದ ಸುಲೋಚನಾ ಚವಾಣ್ (1933-2022) ಹಿನ್ನೆಲೆ ಗಾಯನದಿಂದ 'ಲಾವಣಿ ಸಾಮ್ರಾಜ್ಞಿ' ಎನಿಸಿದರು.

ಪ್ರಶಸ್ತಿಗಳು: ಸಾಬಳೆಯವರಿಗೆ 1984ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ, 1998ರಲ್ಲಿ ಪದ್ಮಶ್ರೀ ದೊರೆತವು. ವಾಯಿಯ ಲಾವಣಿ ಕಲಾವಿದೆ ಯಮುನಾಬಾಯಿ ವಾಯಿಕರ್ ಅವರಿಗೆ ಪದ್ಮಶ್ರೀ ಬಂದದ್ದು 2012ರಲ್ಲಿ, ತೊಂಬತ್ತು ದಾಟಿದ ಮೇಲೆ. ಸುಲೋಚನಾರಿಗೆ 2022ರಲ್ಲಿ, ಅವರು ತೀರಿಕೊಂಡ ವರ್ಷವೇ. ರಾಷ್ಟ್ರಪತಿ ಪದಕ ಪಡೆದ ತಮಾಷಾ ಕಲಾವಿದೆ ವಿಠಾಬಾಯಿ ನಾರಾಯಣಗಾವಕರ್ ಕೊನೆಗಾಲದಲ್ಲಿ ಬಡತನದಲ್ಲೇ ಬಳಲಿ 2002ರಲ್ಲಿ ನಿಧನರಾದರು. ಬಳಿಕ ರಾಜ್ಯ ಸರ್ಕಾರ ಅವರ ಹೆಸರಿನಲ್ಲೇ ಜೀವಮಾನ ಸಾಧನೆಯ ಪ್ರಶಸ್ತಿ ಸ್ಥಾಪಿಸಿತು.

ಇಂದಿನ ಸ್ಥಿತಿ: 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಕಾರ್ಮಿಕರು ಪಾಲ್ಗೊಂಡರು. ಗಿರಣಿಗಳು ಮುಚ್ಚುತ್ತ ಹೋದಂತೆ ಟಿಕೆಟ್ ಕೊಳ್ಳುವ ಪ್ರೇಕ್ಷಕರು ಚದುರಿದರು. ಹನುಮಾನ್ ಥಿಯೇಟರಿನ ಆಟವೂ ನಿಂತಿತು. ಈಗ ಮುಂಬಯಿ ವಿಶ್ವವಿದ್ಯಾಲಯದ ಲೋಕಕಲಾ ಅಕಾಡೆಮಿ ಈ ಪ್ರಕಾರಗಳನ್ನು ಕಲಿಸುತ್ತಿದೆ. ಒಂದು ಕಾಲಕ್ಕೆ ಸಮಾಜ ಕೀಳಾಗಿ ಕಂಡ ಕಲಾವಿದೆಯರಿಗೆ ಪ್ರಶಸ್ತಿಗಳು ಸಲ್ಲಬೇಕಾದ ಗೌರವವನ್ನು ತಡವಾಗಿಯಾದರೂ ಸಲ್ಲಿಸಿವೆ. ಆದರೆ ಈ ಕಲೆಯನ್ನು ಅರ್ಧ ಶತಮಾನ ಸಾಕಿದ್ದು ಸಂಬಳದ ದಿನ ಟಿಕೆಟ್ ಕೊಂಡು ಬರುತ್ತಿದ್ದ ಕಾರ್ಮಿಕರು. ಅಂಥ ಪ್ರೇಕ್ಷಕವರ್ಗವೂ ಅಗ್ಗದ ರಂಗಮಂದಿರಗಳೂ ಮತ್ತೆ ಸಿಕ್ಕರೆ ಮಾತ್ರ ಅದು ವೃತ್ತಿಯಾಗಿ ಉಳಿದೀತು.